ನಡೆಯದ ಮಗಳ ನಡಿಗೆ

ಭಾನುವಾರ ಬೆಳಿಗ್ಗೆ ಆ ಕ್ಷೌರದಂಗಡಿಯಲ್ಲಿ ಕುರ್ಚಿ ಒಂದೇ, ಬೆಂಚೂ ಒಂದೇ, ಮಾತು ಮಾತ್ರ ಎಷ್ಟು ಬೇಕಾದರೂ. ನಿವೃತ್ತ ಲೆಕ್ಕದ ಮೇಷ್ಟ್ರು ಮುಖದ ತುಂಬ ನೊರೆ ಬಳಿಸಿಕೊಂಡು, ಕನ್ನಡಿಯಲ್ಲೇ ಬೆಂಚಿನವರನ್ನೆಲ್ಲ ನೋಡುತ್ತ, "ನನ್ನ ಮೊಮ್ಮಗ ಐದು ತಿಂಗಳಿಗೇ ಕೂತ. ಆಸರೆ ಗೀಸರೆ ಏನೂ ಇಲ್ಲ. ತಟ್ಟಂತ ಕೂತ" ಎಂದರು.

ಕ್ಷೌರಿಕನ ಮಗಳಿಗೂ ಆಗ ಐದು ತಿಂಗಳು. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದ ಆ ಮಗುವನ್ನು ಕೂರಿಸಿದರೆ ಅರ್ಧ ತುಂಬಿದ ಚೀಲದಂತೆ ಪಕ್ಕಕ್ಕೆ ವಾಲುತ್ತಿತ್ತು, ವಾಲಿದಲ್ಲೇ ಮಲಗಿ ನಗುತ್ತಿತ್ತು. ಅದನ್ನು ನೋಡುವುದಕ್ಕಿಂತ ದೊಡ್ಡ ಸುಖ ಅವನಿಗೆ ಬೇರೆ ಇರಲಿಲ್ಲ. ಆದರೆ ಬೆಂಚಿನ ಮೇಲಿದ್ದವರೆಲ್ಲ ನಿಮ್ಮ ಮಗಳು ಹೇಗೆ ಎಂಬಂತೆ ತನ್ನತ್ತ ತಿರುಗಿದಾಗ, "ನಮ್ಮವಳು ನಾಲ್ಕೂವರೆಗೇ ಕೂತ್ಲು ಸಾರ್" ಎಂಬ ಮಾತು ತಾನಾಗಿ ಬಾಯಿಂದ ಬಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸುಳ್ಳಿನ ಮಗು ನಿಜದ ಮಗುವಿಗಿಂತ ಬೇಗ ಬೆಳೆಯಿತು. ಮೇಷ್ಟ್ರ ಮೊಮ್ಮಗನಿಗೆ ಒಂದು ಹಲ್ಲು ಬಂದ ವಾರ ಗುಬ್ಬಿಗೆ ಎರಡು ಬಂದವು. ಎಂಟು ತಿಂಗಳಿಗೆ ಗುಬ್ಬಿ ಗೋಡೆ ಹಿಡಿದು ನಿಂತಳು. ಒಂಬತ್ತಕ್ಕೆ ಗೋಡೆಯನ್ನೂ ಬಿಟ್ಟು ನಡೆದಳು.

ಮನೆಯಲ್ಲಿದ್ದ ಗುಬ್ಬಿಗೆ ಒಂಬತ್ತು ತಿಂಗಳಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಹೊಟ್ಟೆಯ ಮೇಲೆ ಮಲಗಿ, ಎದುರಿನ ಚಮಚದ ಮೇಲೆ ಕಣ್ಣಿಟ್ಟು, ಎರಡೂ ಕೈಯಿಂದ ನೆಲವನ್ನು ಬಲವಾಗಿ ಒತ್ತುತ್ತಿದ್ದಳು. ಒತ್ತಿದಷ್ಟೂ ಹಿಂದಕ್ಕೆ ಜಾರುತ್ತಿದ್ದಳು. ಚಮಚ ದೂರವಾಗುತ್ತ ಆಗುತ್ತ ಕೊನೆಗೆ ತಾನೇ ಮಂಚದ ಕೆಳಗೆ ಸೇರಿ, ಚಮಚದ ಮೇಲೆ ಸಿಟ್ಟಾಗಿ ಕಿರುಚುತ್ತಿದ್ದಳು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದ ಅವಳ ತಾಯಿ ಕಾಲು ಹಿಡಿದು ಈಚೆಗೆಳೆಯುತ್ತ, "ನಿಮ್ಮ ಮಗಳಿಗೆ ರಿವರ್ಸ್ ಗೇರ್ ಒಂದೇ ಇರೋದು ರೀ" ಎನ್ನುತ್ತಿದ್ದಳು.

ಒಂದು ಶನಿವಾರ ಬೆಂಚಿನ ಕಾಯಂ ಗಿರಾಕಿಯಾದ ಬಸ್ ಡ್ರೈವರ್ ಕೂದಲು ಕತ್ತರಿಸಿಕೊಳ್ಳಲು ಬಂದ. ಅವನ ಮಗ ಗುಂಡ, ಗುಬ್ಬಿಗಿಂತ ಎರಡೇ ದಿನಕ್ಕೆ ದೊಡ್ಡವನು. ಡ್ರೈವರ್ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಇಲ್ಲ.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಿನ್ನ ಮಗಳಿಗೆ ಏನು ತಿನ್ನಿಸ್ತೀರಾ?"

"ಯಾಕೆ?"

"ಅವಳು ನಡೀತಾಳೆ. ನಮ್ಮೋನು ಕೂರಿಸಿದ ಕಡೆ ಕೂತಿರ್ತಾನೆ, ಬಸ್ ಬರುತ್ತೆ ಅಂತ ಕಾಯೋರ ಥರ. ನೀನು ಹೇಳಿದ್ದನ್ನೆಲ್ಲ ಮನೇಲಿ ಹೇಳ್ದೆ ನೋಡು, ತಪ್ಪು ನಂದೇ. ನಮ್ಮಮ್ಮ ದಿನಾ ನನ್ನ ಹೆಂಡ್ತಿಗೆ, ನಿನ್ನ ಹಾಲಲ್ಲಿ ಸತ್ವ ಇಲ್ಲ ಅಂತ ಹೇಳ್ತಾಳೆ. ಇವಳು ಮಗೂನ ರಟ್ಟೆ ಹಿಡಿದು ಬೆಳಗ್ಗೆ ಸಂಜೆ ನಡೆಸ್ತಾಳೆ. ಅವನೂ ಅಳ್ತಾನೆ, ಇವಳೂ ಅಳ್ತಾಳೆ. ನಿನ್ನೆಯಿಂದ ಊಟಾನೇ ಬಿಟ್ಟಿದಾಳೆ. ಮಗು ಕಾಲಲ್ಲೇ ಏನೋ ದೋಷ ಇರ್ಬೇಕು ಅಂತ ಸೋಮವಾರ ಡಾಕ್ಟರ್ ಹತ್ರ ಹೊರಟಿದೀವಿ."

ಕತ್ತರಿ ನಿಂತಿತು. ಕ್ಷೌರಿಕ ಬಾಯಿ ತೆರೆದ. ಬೆಂಚಿನ ಮೇಲೆ ನಾಲ್ಕು ಜನರಿದ್ದರು. ಬಾಯಿ ಮುಚ್ಚಿದ. "ಎಲ್ಲಾ ಸರಿ ಹೋಗುತ್ತೆ ಬಿಡು" ಎಂದು ಗೊಣಗಿ ಹೇಗೋ ಕೆಲಸ ಮುಗಿಸಿದ. ಡ್ರೈವರ್ ಒಂದು ಕಿವಿಯ ಪಕ್ಕ ಕೂದಲು ಉದ್ದ, ಇನ್ನೊಂದರ ಪಕ್ಕ ಗಿಡ್ಡ ಮಾಡಿಸಿಕೊಂಡು ಹೋದ. ಅದು ಇಬ್ಬರ ಗಮನಕ್ಕೂ ಬರಲಿಲ್ಲ.

ಸಂಜೆ ಗುಬ್ಬಿಗೆ ಉಣಿಸುವಾಗ ಹೆಂಡತಿಗೆ ಎಲ್ಲ ಹೇಳಿದ.

"ನಮ್ಮ ಗುಬ್ಬಿ ನಡೀತಾಳಾ? ನಂಗೆ ಮೊದಲೇ ಹೇಳ್ಬಾರ್ದಾ, ಅಂಗಡಿಗೆ ಕಳಿಸಿ ಸೋಪು ತರಿಸ್ಕೊಳ್ತಿದ್ದೆ" ಎಂದು ಅವಳು ನಕ್ಕಳು. ಡ್ರೈವರ್ ಹೆಂಡತಿಯ ಮಾತು ಬಂದಾಗ ನಗು ಹೋಯಿತು. "ಇಷ್ಟು ಚೆಂದದ ಮಗಳು ಸಾಲ್ದಾದ್ಲಾ ನಿಮಗೆ?"

"ಸಾಲ್ದೆ ಏನು? ಎಲ್ಲರೂ ಹೇಳ್ಕೊಳ್ಳುವಾಗ ನಾನು ಸುಮ್ನಿದ್ರೆ, ಅವಳಿಗೆ ಅವಮಾನ ಆದಂಗೆ ಅನ್ನಿಸ್ತು."

"ಅವಳಿಗೋ? ನಿಮಗೋ?"

ಅವನು ಗುಬ್ಬಿಯ ಬಾಯಿ ಒರೆಸಿದ. ಬಾಯಿ ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದ.

ಮಾರನೆಯ ದಿನ ಭಾನುವಾರ. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವನು ಮಗಳನ್ನು ಹೆಗಲಿಗೆ ಹಾಕಿಕೊಂಡು ಡ್ರೈವರ್ ಮನೆಯ ಬಾಗಿಲಲ್ಲಿದ್ದ. ಬಾಗಿಲು ತೆಗೆದದ್ದು ಡ್ರೈವರ್ ತಾಯಿ. ಆಕೆ ಮೊದಲು ಅವನ ಮುಖ ನೋಡಿದರು, ಆಮೇಲೆ ಮಗುವಿನ ಪಾದ ನೋಡಿದರು.

"ಯಾಕಪ್ಪಾ, ನಡಕೊಂಡು ಬರ್ಲಿಲ್ವಾ?"

ಅವನು ಒಳಗೆ ಹೋದ. ಡ್ರೈವರ್ ಹೆಂಡತಿ ಗುಂಡನನ್ನು ಸೊಂಟದಲ್ಲಿಟ್ಟುಕೊಂಡು ಅಡುಗೆಮನೆಯಿಂದ ಬಂದಳು. ಕಣ್ಣು ಊದಿಕೊಂಡಿದ್ದವು. ಕ್ಷೌರಿಕ ಗುಬ್ಬಿಯನ್ನು ನೆಲಕ್ಕೆ ಬಿಟ್ಟು, ಜೇಬಿನಿಂದ ಹೊಸ ಬಾಚಣಿಗೆ ತೆಗೆದು ಎದುರಿಗಿಟ್ಟ. ಗುಬ್ಬಿ ಅದನ್ನು ಆಸೆಯಿಂದ ನೋಡಿದಳು. ಕೈಯೂರಿ ಒತ್ತಿದಳು. ಹಿಂದಕ್ಕೆ ಹೋದಳು. ಇನ್ನೂ ಜೋರಾಗಿ ಒತ್ತಿದಳು. ಇನ್ನೂ ಹಿಂದಕ್ಕೆ ಹೋಗಿ, ಮೇಜಿನ ಕೆಳಗೆ ಅರ್ಧ ಮರೆಯಾಗಿ, ಎಲ್ಲರನ್ನೂ ಬೈಯುವಂತೆ ಕೂಗಿದಳು.

"ಇವಳಿಗೆ ಬರೋದು ಇಷ್ಟೇ" ಎಂದ ಕ್ಷೌರಿಕ. "ನಡೆದದ್ದೆಲ್ಲ ನನ್ನ ಬಾಯಲ್ಲಿ."

ಡ್ರೈವರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ಗೋಡೆ ಹಿಡಿದದ್ದು?"

"ಸುಳ್ಳು."

"ಹಲ್ಲು?"

"ಹಲ್ಲು ಒಂದಿದೆ. ಬೇಕಾದ್ರೆ ನೋಡು."

ಯಾರೂ ನೋಡಲಿಲ್ಲ. ಡ್ರೈವರ್ ಹೆಂಡತಿ ಗುಂಡನನ್ನು ಎದೆಗವಚಿಕೊಂಡಳು. "ಹದಿನೈದು ದಿನದಿಂದ ಇವನ ರಟ್ಟೆ ಹಿಡಿದು ಎಳೆದಾಡಿದೀನಿ ನಾನು. ನಮ್ಮ ಮಗೂಗೆ ಏನೋ ಆಗಿದೆ ಅಂತ... ನಿಮಗೆ ತಮಾಷೆ."

"ಬೈಯಿರಿ ಅಕ್ಕಾ. ಅದಕ್ಕೇ ಬಂದದ್ದು."

"ಬೈತೀನಿ. ಆಮೇಲೆ. ಮೊದಲು ಆ ಮಗೂನ ಮೇಜಿನ ಕೆಳಗಿಂದ ತೆಗೀರಿ."

ಅವಳು ಗುಂಡನನ್ನು ನೆಲಕ್ಕಿಳಿಸಿದಳು. ಅವನು ಕೂತಲ್ಲಿಂದ ಕದಲದೆ, ಸುಮ್ಮನೆ ಬಾಗಿ ಬಾಚಣಿಗೆ ಎತ್ತಿ ಬಾಯಿಗಿಟ್ಟುಕೊಂಡ. ಅಜ್ಜಿ ಗಂಟಲು ಸರಿಮಾಡಿಕೊಂಡರು.

"ಅದೇನು ದೊಡ್ಡ ವಿಷಯ? ಇವನಪ್ಪನೂ ನಡೆದದ್ದು ಒಂದೂವರೆ ವರ್ಷಕ್ಕೆ."

ಡ್ರೈವರ್ ತಿರುಗಿದ. "ಏನಮ್ಮಾ? ಒಂಬತ್ತು ತಿಂಗಳಿಗೇ ಓಡ್ತಿದ್ದೆ ಅಂತ ಊರಿಗೆಲ್ಲ ಹೇಳ್ತಿದ್ದೆಯಲ್ಲ!"

"ಊರಿಗೆ ಹೇಳೋದು ಬೇರೆ ಕಣೋ."

ಮೊದಲು ಸೊಸೆಯೇ ನಕ್ಕಳು. ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. ನಗುತ್ತ ನಗುತ್ತ ಅತ್ತಳು, ಅಳುತ್ತಲೇ ಗುಂಡನ ಎರಡು ಪಾದಗಳನ್ನೂ ಮಡಿಲಲ್ಲಿಟ್ಟುಕೊಂಡು ನೇವರಿಸಿದಳು. ಅಜ್ಜಿ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ತಟ್ಟೆಗೆ ಊಟ ಬಡಿಸಿ ತಂದು ಸೊಸೆಯ ಮುಂದಿಟ್ಟರು. ಆಮೇಲೆ ಕ್ಷೌರಿಕನಿಗೆ ಬೈಗುಳ ಬಿತ್ತು. ಕಾಲು ಗಂಟೆ ಬಿತ್ತು. ಅವನು ಪೂರ್ತಿ ಕೇಳಿಸಿಕೊಂಡ.

ಸೋಮವಾರ ಡಾಕ್ಟರ್ ಗುಂಡನನ್ನು ತಿರುಗಿಸಿ ಮುರುಗಿಸಿ ನೋಡಿ, ಮಗು ಗಟ್ಟಿಮುಟ್ಟಾಗಿದೆ, ಅದರ ಪಾಡಿಗೆ ಬಿಡಿ ಎಂದರು. ಅಂಗಡಿಯ ಬೆಂಚಿಗೂ ಕ್ಷೌರಿಕನೇ ನಿಜ ಹೇಳಿದ. ಬೆಂಚೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಲೆಕ್ಕದ ಮೇಷ್ಟ್ರು ಮಾತ್ರ ನಗಲಿಲ್ಲ; ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅವರ ಮೊಮ್ಮಗನ ಬೆಳವಣಿಗೆ ಅಂದಿನಿಂದ ತುಸು ನಿಧಾನವಾಯಿತು.

ಗುಬ್ಬಿ ನಿಜವಾಗಿ ನಡೆದದ್ದು ಹದಿಮೂರು ತಿಂಗಳು ದಾಟಿದ ಮೇಲೆ. ಒಂದು ಬುಧವಾರ ಮಧ್ಯಾಹ್ನ ಅಮ್ಮನ ಮೊಣಕಾಲು ಬಿಟ್ಟು ಅಪ್ಪನ ಮೊಣಕಾಲಿನ ತನಕ ಮೂರು ಹೆಜ್ಜೆ ಹಾಕಿ, ತನಗೇ ಆಶ್ಚರ್ಯವಾದಂತೆ ಕುಕ್ಕರುಬಡಿದಳು. ಕ್ಷೌರಿಕ ಆ ವಾರವೆಲ್ಲ ಅಂಗಡಿಯಲ್ಲಿ ಆ ಮಾತೆತ್ತಲಿಲ್ಲ. ಎಷ್ಟು ಕಷ್ಟಪಟ್ಟನೆಂಬುದು ಅವನಿಗೇ ಗೊತ್ತು. ಎರಡು ಸಲ ಗಿರಾಕಿಯ ಮುಖಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನೊರೆ ಬಳಿದ.

ಭಾನುವಾರ ಹೊಸ ಗಿರಾಕಿಯೊಬ್ಬ ಬಂದ. ಎಳೆಯ ಪ್ರಾಯ, ನಿದ್ದೆಗೆಟ್ಟ ಮುಖ, ಅಂಗಿಯ ಹೆಗಲ ಮೇಲೆ ಹಾಲಿನ ಕಲೆ. ಕುರ್ಚಿಯಲ್ಲಿ ಕೂತವನೇ ತಗ್ಗಿದ ದನಿಯಲ್ಲಿ ಕೇಳಿದ: "ನಮ್ಮ ಮಗೂಗೆ ನಾಲ್ಕು ತಿಂಗಳು ತುಂಬಿತು ಸಾರ್. ಇನ್ನೂ ಮಗುಚಿಲ್ಲ. ನಿಮಗೂ ಪುಟ್ಟ ಮಗಳಿದಾಳಂತೆ, ಅವಳು ಯಾವಾಗ ಮಗುಚಿದ್ಲು?"

ಬೆಂಚಿನವರು ಕಿವಿ ನಿಮಿರಿಸಿದರು.

ಗುಬ್ಬಿ ಮಗುಚಿದ್ದು ಒಂದು ಮಂಗಳವಾರ. ನಾಲ್ಕು ಗಂಟೆ ಹತ್ತು ನಿಮಿಷ. ಎಡಗಡೆಗೆ. ಮಗುಚಿ, ತಲೆಯೆತ್ತಿ, ಅಪ್ಪನನ್ನೇ ಹುಡುಕಿ ನೋಡಿದ್ದಳು.

"ನೆನಪಿಲ್ಲ ಕಣಪ್ಪಾ" ಎಂದ ಕ್ಷೌರಿಕ, ಹುಡುಗನ ಕೊರಳಿಗೆ ಬಿಳಿ ಬಟ್ಟೆ ಸುತ್ತುತ್ತ. "ನಿಮ್ಮ ಮಗು ನಗುತ್ತಾ?"

"ನಗೋದಾ!" ಹುಡುಗ ಕನ್ನಡಿಯಲ್ಲಿ ಅರಳಿದ. "ನಿನ್ನೆ ಏನಾಯ್ತು ಗೊತ್ತಾ ಸಾರ್..."

ಕ್ಷೌರಿಕ ಕೈಗೆತ್ತಿಕೊಂಡಿದ್ದ ಕತ್ತರಿಯನ್ನು ಕೆಳಗಿಟ್ಟು ಕೇಳತೊಡಗಿದ.