ತಳದ ಮೀನು ಎದ್ದ ದಿನ

ಗಾಜಿನ ತೊಟ್ಟಿಯ ಅಂಚಿಗೆ ಬೆಳ್ಳಗೆ ಕಟ್ಟಿಕೊಂಡಿದ್ದ ಉಪ್ಪನ್ನು ಅಮರಮ್ಮ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಒಳಗೆ ಮರಳಿನ ಮೇಲೆ ಎರಡು ಶಾರ್ಕ್ ಮರಿಗಳು ಹೊಟ್ಟೆ ಊರಿ ಮಲಗಿದ್ದವು. ಮೊಳದುದ್ದ, ಮೈತುಂಬ ಕಂದು ಪಟ್ಟಿ. ಕಚ್ಚುವ ಜಾತಿಯಲ್ಲ, ಹಗಲೆಲ್ಲ ತಳದಲ್ಲೇ ಬಿದ್ದಿರುವ ಜಾತಿ. ಕಿವಿರು ಆಡುತ್ತಿದೆಯೆಂದು ಖಾತ್ರಿ ಮಾಡಿಕೊಂಡು, ಕೊಡ ಎತ್ತಿಕೊಂಡು ಅವಳು ಬೀದಿ ನಲ್ಲಿಗೆ ಹೋದಳು.

ರಾಯಚೂರು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದ ಸೋದರಮಾವ ಕನಕರಾಯನಿಗೆ ಈ ಹುಚ್ಚು ಹಿಡಿದದ್ದು ಎಂಬತ್ಮೂರನೇ ಇಸವಿಯಲ್ಲಿ. ಮರಿಗಳು ಮದ್ರಾಸಿನಿಂದ ಬಂದವು. ಸಮುದ್ರದ ನೀರೂ ಮೇಲ್ ಗಾಡಿಯಲ್ಲಿ ಡಬ್ಬಿಗಟ್ಟಲೆ ಬರುತ್ತಿತ್ತು. ಐದನೆಯ ತರಗತಿಗೇ ಶಾಲೆ ಬಿಟ್ಟ ಅಮರಮ್ಮನನ್ನು ದೇವದುರ್ಗದಿಂದ ಕರೆಸಿದ್ದೇ ಇವನ್ನು ನೋಡಿಕೊಳ್ಳಲು. "ಇವು ಇರೋತನಕ ನೀ ಇಲ್ಲೇ ಇರು" ಎಂದಿದ್ದ. ಇವು ಸತ್ತರೆ ಮತ್ತೆ ಊರು, ಮತ್ತೆ ಬಿಸಿಲಿನಲ್ಲಿ ಹತ್ತಿ ಬಿಡಿಸುವ ಕೂಲಿ.

ಅಂದು ಮಾವನಿಗೆ ಮಾನ್ವಿ ಬಸ್ಸಿನ ಗಡಿಬಿಡಿ. ತನ್ನ ತಾಯಿ ಬಸ್ಸಮ್ಮನಿಗೆ, "ಯವ್ವಾ, ತೊಟ್ಟ್ಯಾಗಿನ ನಾಕು ಕೊಡ ನೀರು ತೆಗದು ಬ್ಯಾರೆ ಉಪ್ಪ ನೀರು ಹಾಕಂತ ಅಮರಿಗಿ ಹೇಳು" ಎಂದು ಹೊರಟೇಬಿಟ್ಟ. ಎಪ್ಪತ್ತಾದರೂ ಗಟ್ಟಿ ಮುದುಕಿ. ಮೊಮ್ಮಗಳು ಬರುವತನಕ ಕಾಯುವುದು ಯಾಕೆಂದು ತಾನೇ ಸೆರಗು ಸಿಕ್ಕಿಸಿದಳು. ಆ ಮನೆಯಲ್ಲಿ ಕುಡಿಯಲು ನಲ್ಲಿಯ ಸಿಹಿ ನೀರು, ಪಾತ್ರೆ ಬಟ್ಟೆಗೆ ಹಿತ್ತಲ ಬಾವಿಯ ಉಪ್ಪು ನೀರು.

ಅಮರಮ್ಮ ಕೊಡ ಇಳಿಸುವಷ್ಟರಲ್ಲಿ ಅಜ್ಜಿ ಕರೆದಳು. "ಬಾ ಬಾ, ನೋಡಿಲ್ಲಿ! ಒಂದಿನನೂ ಎದ್ದಿದ್ದಿಲ್ಲ ಈ ಮೈಗಳ್ಳರು. ನನ್ನ ಕೈ ನೀರು ಬಿದ್ದದ್ದೇ ತಡ, ಹೆಂಗ ಕುಣ್ಯಾಕತ್ತಾವ!"

ಎರಡೂ ಮೂತಿ ಮೇಲೆತ್ತಿ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಅಮರಮ್ಮ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟಳು. ಉಪ್ಪಿನ ಆ ಕಟುರುಚಿಯಿಲ್ಲ, ಸಪ್ಪೆ.

"ಯಾವ ನೀರು ಹಾಕಿದ್ಯವ್ವಾ?"

"ಉಪ್ಪ ನೀರು, ಬಾವ್ಯಾಂದು. ನಿಮ್ಮ ಮಾಮಾನೇ ಹೇಳ್ಯಾನ."

ಅಮರಮ್ಮ ಅರ್ಧ ತೊಟ್ಟಿ ಮೊಗೆದು ಹೊರಗೆ ಚೆಲ್ಲಿ, ಮಂಚದ ಕೆಳಗಿನ ಮದ್ರಾಸಿನ ಡಬ್ಬಿಗಳನ್ನು ಒಂದೊಂದಾಗಿ ಎಳೆದು ಮೆಲ್ಲಗೆ ಸುರಿದಳು. ಕೊನೆಯ ಡಬ್ಬಿಯೂ ಬರಿದಾಯಿತು. ತಪ್ಪು ತಿಳಿದ ಅಜ್ಜಿ ಬರಿದಾದ ಡಬ್ಬಿಗಳನ್ನು ಬದಿಗೆ ಸರಿಸಿದಳು. ಇಬ್ಬರೂ ಗಾಜಿನ ಮುಂದೆ ಕುಕ್ಕರಿಸಿದರು. ರೊಟ್ಟಿ ಬುಟ್ಟಿಯಲ್ಲೇ ಒಣಗಿತು.

ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಚಿಕ್ಕದು ಇಳಿದು ಮರಳಿಗೆ ಹೊಟ್ಟೆ ಊರಿತು. ಆಮೇಲೆ ದೊಡ್ಡದೂ ಬಂದು ಅದರ ಬೆನ್ನ ಮೇಲೆ ಗದ್ದ ಇಟ್ಟಿತು. ಕಿವಿರು ನಿಧಾನವಾಗಿ, ಹದವಾಗಿ ಆಡತೊಡಗಿತು.

"ಯಪ್ಪಾ, ಬಿದ್ದವು ನೋಡು!" ಅಜ್ಜಿ ಉಸಿರುಬಿಟ್ಟಳು. ಅಮರಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಸಂಜೆ ಮಾವ ಚಪ್ಪಲಿ ಬಿಡುತ್ತಲೇ ಕೇಳಿದ, "ಹೆಂಗದಾವ?"

"ಬಿದ್ದಾವ್ರಿ."

"ಹಂಗಾದ್ರ ಅರಾಮ ಅದಾವ."

ಅಜ್ಜಿ ನಡೆದದ್ದೆಲ್ಲ ಹೇಳಿದಳು. ಮಾವ ಹಣೆ ಹಣೆ ಬಡಿದುಕೊಂಡ. "ಉಪ್ಪ ನೀರಂದ್ರ ಬಾವಿ ನೀರೇನಬೇ?"

"ಹೌದಲೇ, ನಿಮ್ಮಪ್ಪನ ಕಾಲದಿಂದ ಅದಕ್ಕ ಉಪ್ಪ ನೀರಂತೀವಿ. ನೀ ಸಮುದ್ರ ತರ್ತಿ ಅಂತ ಅವನಿಗೇನ ಗೊತ್ತು?"

ತಾಯಿ ಮಗ ಇಬ್ಬರೂ ಗಾಜಿಗೆ ಮುಖ ಹಚ್ಚಿ ನಗುತ್ತ ಮೀನು ನೋಡುವುದರಲ್ಲೇ ಇದ್ದರು. ಹಿಂದೆ ಬಾಗಿಲಿಗೊರಗಿ ನಿಂತ ಅಮರಮ್ಮ ಸಣ್ಣ ದನಿಯಲ್ಲಿ ಹೇಳಿದಳು:

"ಮಾಮಾ, ಇನ್ನ ಮ್ಯಾಲ ಆ ಡಬ್ಬಿ ನೀರಿಗಿ ಸಮುದ್ರದ ನೀರು ಅನ್ರಿ."