ಗುತ್ತಿನ ಅಂಗಳದ ದಾರಿ

ಸಂಕಪ್ಪ ಅಕ್ಕ ಪೂವಮ್ಮನ ಚಟ್ಟದ ಬಿದಿರಿಗೆ ಕೊನೆಯ ಗಂಟು ಬಿಗಿಯುತ್ತಲೇ, ಗುಡ್ಡದ ದಾರಿಯಲ್ಲಿ ಹೋಗುವುದೆಂದು ತೀರ್ಮಾನ ಹೇಳಿಬಿಟ್ಟ. ಸುತ್ತ ನಿಂತವರು ಮುಖಮುಖ ನೋಡಿಕೊಂಡರು. ಗುಡ್ಡದ ದಾರಿಯೆಂದರೆ ಕಡಿದಾದ ಮುರಕಲ್ಲಿನ ಏರು, ಆಚೆ ಅದಕ್ಕಿಂತ ಕೆಟ್ಟ ಇಳಿಜಾರು. ಬರಿಗೈಯಲ್ಲಿ ಹೋಗುವವರೇ ನಡುವೆ ಕೂತು ಏಳಬೇಕು. ಹೆಣ ಹೊತ್ತವರ ಪಾಡು ಕೇಳುವುದೇ ಬೇಡ. ಹಾಗೆಂದು ಹೊಳೆಬದಿಯ ಸುಡುಗಾಡಿಗೆ ನೇರ ದಾರಿ ಇಲ್ಲದೆ ಇರಲಿಲ್ಲ. ಊರಿನ ಜಮೀನ್ದಾರರ ಮನೆಯಾದ ಗುತ್ತಿನ ಅಂಗಳ ದಾಟಿದರೆ ಒಂದು ಬೀಡಿ ಸೇದುವಷ್ಟರಲ್ಲಿ ನೇತ್ರಾವತಿ ಕಾಣುತ್ತಿತ್ತು. ಆದರೆ ಬೆಂಕಿಯ ಕೇಸಿನಲ್ಲಿ ಸೋತ ವರ್ಷ ಗುತ್ತಿನ ಭೋಜ ಶೆಟ್ಟರು ಆ ದಾರಿಗೆ ಬೇಲಿ ಎಳೆಸಿ, ಮರದ ಗೇಟಿಗೆ ಬೀಗ ಹಾಕಿಸಿದ್ದರು.

ಪೂವಮ್ಮನ ಮಗಳು ಕಾಂತಿ ತಾಯಿಯ ತಲೆಯ ಹತ್ತಿರ ಕೂತಿದ್ದವಳು ಸೋದರಮಾವನ ಕಡೆ ತಿರುಗಿದಳು.

"ಬದುಕಿರುವಾಗಲೂ ಅಮ್ಮ ಸುತ್ತು ಬಳಸಿ ಹೋದದ್ದು. ಸತ್ತ ಮೇಲೂ ಸುತ್ತಾ, ಮಾವ?"

ತಾಯಿ ತೀರಿಹೋದಾಗ ತೊಟ್ಟಿಲಲ್ಲಿದ್ದ ಸಂಕಪ್ಪನನ್ನು ಸಾಕಿದವಳು ಅಕ್ಕ. ಅವಳನ್ನು ಆ ಮುರಕಲ್ಲಿನ ಮೇಲೆ ಅತ್ತಿತ್ತ ಕುಲುಕಾಡಿಸಿಕೊಂಡು ಒಯ್ಯುವುದನ್ನು ನೆನೆದರೆ ಅವನ ಎದೆ ಉರಿಯುತ್ತಿತ್ತು. ಹಾಗೆಂದು ಗುತ್ತಿನ ಬಾಗಿಲಿಗೆ ಹೋಗಿ ಕೈ ಮುಗಿಯುವುದು ಅವನಿಂದ ಆಗದ ಕೆಲಸ. ಅಕ್ಕನೂ ಅದನ್ನು ಮೆಚ್ಚುತ್ತಿರಲಿಲ್ಲ.

ಅಂಗಳದಲ್ಲಿ ಹೊರಗಿನ ಜನವೇ ಹೆಚ್ಚಾಗಿತ್ತು. ಬೆಳ್ತಂಗಡಿ ಕಡೆಯವರು, ಮೂಡುಬಿದಿರೆಯ ಬಸ್ಸಿನಲ್ಲಿ ಬಂದವರು, ಪಾಣೆಮಂಗಳೂರಿನ ಮೀನು ಮಾರುವ ಸೈನಬ. ಇವರೆಲ್ಲ ಯಾವ ಕಡೆಯ ನೆಂಟರೆಂದು ಹೊಸಬರೊಬ್ಬರು ಕೇಳಿದ್ದಕ್ಕೆ, ತನ್ನ ಮಗನ ಮೇಲೆ ಸುಳ್ಳು ಕೇಸು ಬಿದ್ದಾಗ ಯಾವ ವಕೀಲರನ್ನು ಹಿಡಿಯಬೇಕೆಂದು ತೋರಿಸಿಕೊಟ್ಟವಳು ಪೂವಮ್ಮ ಎಂದು ಸೈನಬ ಹೇಳಿದಳು. ಮೂರು ಊರಿನ ಕೇಸಿನವರು ಆ ಜಗಲಿ ಹತ್ತಿದ್ದರು. ಊರಿನವರು ತಮಾಷೆಗೆ ಅವಳನ್ನು ವಕೀಲ್ತಿ ಪೂವಮ್ಮ ಎನ್ನುತ್ತಿದ್ದರು. ತಮಾಷೆ ಮಾಡಿದವರೇ ಪೊಲೀಸು ಮನೆಗೆ ಬಂದ ದಿನ ಓಡಿಬರುತ್ತಿದ್ದದ್ದೂ ಅಲ್ಲಿಗೇ.

*

ಹತ್ತು ವರ್ಷದ ಹಿಂದೆ, ಐವತ್ತೇಳನೆಯ ಇಸವಿಯಲ್ಲಿ, ಗುತ್ತಿನ ಕೋಣಗಳು ಸಂಕಪ್ಪನ ಉದ್ದಿನ ಗದ್ದೆಗೆ ನುಗ್ಗಿ ಮೇಯ್ದುಹೋದವು. ಸಂಕಪ್ಪ ಸಿಟ್ಟಿನಲ್ಲಿ ಗುತ್ತಿನ ಅಂಗಳದಲ್ಲೇ ನಿಂತು, ನಿಮ್ಮ ಕಣಜಕ್ಕೆ ಬೆಂಕಿ ಬೀಳಲಿ ಎಂದು ಶಾಪ ಹಾಕಿ ಬಂದ. ಅದೇ ರಾತ್ರಿ ಗುತ್ತಿನ ಬೈಹುಲ್ಲಿನ ಮೆದೆಗೆ ಬೆಂಕಿ ಹಿಡಿದು, ಪಕ್ಕದ ಕಣಜದ ಕೊಟ್ಟಿಗೆ ಭತ್ತದ ಸಮೇತ ಬೂದಿಯಾಯಿತು.

ಶಾಪ ಫಲಿಸಿತೆಂದು ಸಂಕಪ್ಪ ಹೆದರಿದ. ಬೆಳಗಾದದ್ದೇ ತಡ, ಪಂಜುರ್ಲಿ ದೈವದ ಸ್ಥಾನಕ್ಕೆ ಓಡಿ ತಪ್ಪುಕಾಣಿಕೆ ಹಾಕಿದ. ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಮನ್ನಿಸು ಎಂದು ದೈವಕ್ಕೆ ಕಾಣಿಕೆ ಹಾಕುವುದು ಆ ಸೀಮೆಯಲ್ಲಿ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಸಂಕಪ್ಪ ಕಾಣಿಕೆ ಹಾಕಿ ಸುಮ್ಮನಾಗಲಿಲ್ಲ. ಆ ಬೆಂಕಿ ನನ್ನಿಂದಲೇ ಆದದ್ದು ಎಂದು ಗಟ್ಟಿಯಾಗಿ ಹೇಳಿ ಅಡ್ಡಬಿದ್ದ. ಅವನ ಲೆಕ್ಕದಲ್ಲಿ ಬೆಂಕಿ ಹಚ್ಚಿದ್ದು ಅವನ ನಾಲಗೆ. ಹಿಂದೆ ನಿಂತಿದ್ದ ಗುತ್ತಿನ ಶಾನುಭೋಗ ಗುರುವಪ್ಪನಿಗೆ ಅಷ್ಟೇ ಸಾಕಾಯಿತು. ಮಧ್ಯಾಹ್ನಕ್ಕೆ ಪೊಲೀಸರು ಬಂದರು. ಈ ಪುಣ್ಯಾತ್ಮ ಅವರ ಹತ್ತಿರವೂ ಅದನ್ನೇ ಹೇಳಿದ.

ಪೂವಮ್ಮ ವಕೀಲರನ್ನು ಹುಡುಕುತ್ತ ಮಂಗಳೂರಿಗೆ ಹೋದಳು. ಅಲ್ಲಿ ಬಹಳ ಹೆಸರಿದ್ದ ಒಬ್ಬರು ಗುಮಾಸ್ತನ ಬಾಯಿಂದ ಅರ್ಧ ಕತೆ ಕೇಳಿ, ಸ್ಥಾನಕ್ಕೆ ಹೋಗಿಯೇ ಇಲ್ಲವೆಂದು ಹೇಳಲಿ ಎಂದರು. ಹೋದದ್ದು ಹೌದಲ್ಲ ಎಂದಳು ಪೂವಮ್ಮ. ಹಾಗಾದರೆ ತಪ್ಪು ಒಪ್ಪಿಕೊಳ್ಳಲಿ, ಶಿಕ್ಷೆ ಕಡಿಮೆ ಮಾಡಿಸುವ ಎಂದರು ಅವರು. ಇನ್ನೊಬ್ಬರು, ಯಾವ ಕಲಂ ಎಂಬ ಚಿಂತೆ ನಿನಗೆ ಯಾಕೆ, ಎಲ್ಲ ನನಗೆ ಬಿಡು ಎಂದರು. ಜೈಲಿಗೆ ಹೋಗುವವನು ನನ್ನ ತಮ್ಮ, ನನಗೇ ತಿಳಿಯಬಾರದೆ ಎಂದು ಅವಳಿಗೆ ಸಿಟ್ಟು ಬಂತು.

ಕೊನೆಗೆ ಸಿಕ್ಕಿದವರು ಮೂಡುಬಿದಿರೆಯ ಜಿನದತ್ತ. ಬಂಟ್ವಾಳ ಪೇಟೆಯಲ್ಲಿ ಜಿನಸಿನ ಅಂಗಡಿಯ ಮೇಲಿನ ಒಂದೇ ಕೋಣೆ ಅವರ ಆಫೀಸು. ಅದುವರೆಗೆ ಮಾಡಿದ್ದೆಲ್ಲ ಬೇಲಿಯ ತಕರಾರಿನ ಕೇಸುಗಳು. ಊರು ನಕ್ಕಿತು. ಅವರು ಮಾತ್ರ ಮರುದಿನವೇ ಜೈಲಿಗೆ ಹೋಗಿ ಸಂಕಪ್ಪನ ಎದುರು ಕೂತು, ಕಾಣಿಕೆ ಯಾಕೆ ಹಾಕಿದೆ ಎಂದು ಕೇಳಿದರು. ಅವನು ಶಾಪದಿಂದ ಹಿಡಿದು ಎಲ್ಲ ಹೇಳಿದ. ಜಿನದತ್ತ ನಗಲಿಲ್ಲ. ಅವರ ಮನೆಯಲ್ಲೂ ದೈವವಿತ್ತು, ಅವರ ತಾಯಿಯೂ ಕಾಣಿಕೆ ಹಾಕುತ್ತಿದ್ದರು.

ಆಮೇಲೆ ಪೂವಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಬರೀ ಬೈಹುಲ್ಲು ಸುಟ್ಟಿದ್ದರೆ ಏಳು ವರ್ಷದ ಒಳಗೆ ಮುಗೀತಿತ್ತು. ಭತ್ತ ಇಟ್ಟ ಕಟ್ಟಡ ಸುಟ್ಟಿದೆ, ಅದಕ್ಕೆ ಬೇರೆ ಕಲಂ ಉಂಟು. ಜೀವಾವಧಿವರೆಗೆ ಹೋಗಬಹುದು. ಪೊಲೀಸರ ಹತ್ತಿರ ಅವನು ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ದೈವದ ಎದುರು ಹೇಳಿದ್ದು ನಿಲ್ತದೆ, ಕೇಳಿದ ಸಾಕ್ಷಿ ಉಂಟಲ್ಲ."

"ಹಾಗಾದರೆ ಹೇಳಿಲ್ಲ ಅಂತ ಸುಳ್ಳು ಹೇಳಬೇಕಾ?"

"ಬೇಡ. ಹೇಳಿದ್ದೇನೆ ಅಂತಲೇ ಹೇಳಲಿ. ಯಾಕೆ ಹೇಳಿದ ಅಂತ ನಾನು ತೋರಿಸ್ತೇನೆ."

ಪೂವಮ್ಮ ಅಲ್ಲಿಯೇ ಅವರನ್ನು ಗೊತ್ತುಮಾಡಿದಳು. ತಮ್ಮನ ಜೀವಮಾನವನ್ನು ಅವರ ಕೈಗಿಟ್ಟು ಮೆಟ್ಟಿಲಿಳಿದಳು.

*

ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ಜಿನದತ್ತರು ಭೋಜ ಶೆಟ್ಟರಿಗೆ ಮೊದಲು ಕೇಳಿದ್ದು ಬೆಂಕಿಯ ಮಾತನ್ನಲ್ಲ.

"ಕಣಜ ಸುಟ್ಟ ಮೇಲೆ ನಿಮ್ಮ ಮನೆಯಿಂದ ಪಂಜುರ್ಲಿಗೆ ತಪ್ಪುಕಾಣಿಕೆ ಹಾಕಿದ್ದೀರಾ?"

"ಹಾಕಿದ್ದೇವೆ. ಹಾಕದೆ ಆಗ್ತದಾ?"

"ಯಾವ ತಪ್ಪಿಗೆ?"

"ತಪ್ಪು ಇಂಥದ್ದೇ ಅಂತ ಇಲ್ಲ. ಗೊತ್ತಿಲ್ಲದೆ ಏನಾದರೂ ಆಗಿದ್ದರೆ ಅಂತ."

"ಹಾಗಾದರೆ ಕಣಜಕ್ಕೆ ಬೆಂಕಿ ಕೊಟ್ಟದ್ದು ನೀವಾ?"

ಕೋರ್ಟಿನಲ್ಲಿ ನಗು ಎದ್ದಿತು. ಜಡ್ಜರು ತಲೆಯೆತ್ತಿ ನೋಡಿದರು. ಶೆಟ್ಟರ ಮುಖ ಕೆಂಪೇರಿತು. ಜಿನದತ್ತರು ನಗಲಿಲ್ಲ. ಆ ಸಂಜೆ ನಿಮ್ಮ ಅಂಗಳದಲ್ಲಿ ಕುಚ್ಚಲಕ್ಕಿಗೆ ಭತ್ತ ಬೇಯಿಸಿದ್ದಿರಾ ಎಂದು ಕೇಳಿದರು. ಈಗಷ್ಟೇ ದೈವದ ಹೆಸರೆತ್ತಿದ ಮನುಷ್ಯ; ಸುಳ್ಳು ಬಾಯಿಗೆ ಬರಲಿಲ್ಲ. ಹೌದು, ಬೇಯಿಸಿದ್ದೆವು ಎಂದರು. ಒಲೆ ಎಲ್ಲಿತ್ತು? ಮೆದೆಯ ಹತ್ತಿರ. ರಾತ್ರಿ ಆ ಕೆಂಡಕ್ಕೆ ನೀರು ಹಾಕಿದವರು ಯಾರು? ತಿಳಿಯದು ಎಂದರು ಶೆಟ್ಟರು.

ಸಂಕಪ್ಪ ಬಿಡುಗಡೆಯಾದ. ಪೂವಮ್ಮ ಅವನನ್ನು ಬಂಟ್ವಾಳ ಪೇಟೆಯ ನಟ್ಟನಡುವೆ ತಲೆಯೆತ್ತಿಸಿ ನಡೆಸಿಕೊಂಡು ಬಂದಳು. ಅವಳಿಗೆ ಅಂದು ಆದ ಸಂತೋಷ ಮಗಳ ಮದುವೆಯಲ್ಲೂ ಆಗಲಿಲ್ಲ. ಮರುವಾರ ಗುತ್ತಿನ ದಾರಿಗೆ ಬೀಗ ಬಿತ್ತು. ಅಲ್ಲಿಂದ ಅವಳು ಹೊಳೆಗೂ ಪೇಟೆಗೂ ಗುಡ್ಡ ಹತ್ತಿ ಇಳಿದಳು, ಒಂದು ದಿನವೂ ಗೊಣಗದೆ.

ತನ್ನ ಜಗಲಿ ಹತ್ತಿದ ಎಲ್ಲರಿಗೂ ಅವಳು ಕೇಳುತ್ತಿದ್ದದ್ದು ಒಂದೇ: ನಿಮ್ಮ ವಕೀಲರು ಹುಡುಗನ ಬಾಯಿಂದಲೇ ಕತೆ ಕೇಳಿದ್ದಾರಾ? ಹೋದ ವರ್ಷ ಆ ಪ್ರಶ್ನೆಗೆ ತಲೆ ತಗ್ಗಿಸಿ ನಿಂತವರು ಸ್ವತಃ ಭೋಜ ಶೆಟ್ಟರು. ಅವರ ಅಕ್ಕನ ಮಗ, ಅಳಿಯಸಂತಾನದ ಕಟ್ಟಿನಂತೆ ಗುತ್ತಿನ ಮನೆಯ ಮುಂದಿನ ಯಜಮಾನ, ಜಗಳದಲ್ಲಿ ಒಬ್ಬ ಸತ್ತ ಕೇಸಿನಲ್ಲಿ ಸಿಕ್ಕಿಬಿದ್ದಿದ್ದ. ಪೂವಮ್ಮ ಹಳೆಯದನ್ನು ಎತ್ತಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು ಜಿನದತ್ತರ ಹತ್ತಿರ ಕಳಿಸಿದಳು. ಹುಡುಗ ಹೊಡೆದೇ ಇರಲಿಲ್ಲವೆಂದು ಸಾಬೀತಾಗಿ ಹೊರಬಂದ. ಗೇಟಿನ ಬೀಗ ಮಾತ್ರ ಹಾಗೆಯೇ ಇತ್ತು.

*

ಜಿನದತ್ತರು ಕೋರ್ಟಿನಿಂದ ನೇರ ಬಂದಿದ್ದರು, ಕರಿ ಕೋಟು ತೋಳಿನ ಮೇಲೆ. ಪೂವಮ್ಮನ ಬಾಯಿಗೆ ತುಳಸಿ ನೀರು ಬಿಟ್ಟು ಎದ್ದು ನಿಂತಾಗ ಅವರ ಕಣ್ಣು ತುಂಬಿತ್ತು. ಅಷ್ಟರಲ್ಲಿ ಅಂಗಳದ ಬಾಯಲ್ಲಿ ಗುಂಪು ಎರಡಾಗಿ ಸರಿಯಿತು. ಭೋಜ ಶೆಟ್ಟರು ಬರಿ ಮೈಮೇಲೆ ಬೈರಾಸು ಹಾಕಿಕೊಂಡು ಒಬ್ಬರೇ ಬಂದರು.

"ಗೇಟು ಕೀಳಿಸಿದ್ದೇನೆ ಸಂಕಪ್ಪ. ನಮ್ಮ ಅಂಗಳದಲ್ಲೇ ಹೋಗುವ."

"ಅಕ್ಕ ನಡೆಯುವಾಗ ತೆಗೆಯಲಿಲ್ಲ ನೀವು."

"ಇಲ್ಲ. ಅವಳ ಮುಖ ನೋಡ್ಲಿಕ್ಕೆ ನಾಚಿಕೆ ಆಗ್ತಿತ್ತು, ಮಾರಾಯ."

ಸಂಕಪ್ಪ ಕಾಂತಿಯ ಕಡೆ ನೋಡಿದ. ಅವಳು ತಾಯಿಯ ಕೆದರಿದ ಕೂದಲನ್ನು ಮೆಲ್ಲನೆ ಕಿವಿಯ ಹಿಂದೆ ಸರಿಸಿದಳು. ಚಿತೆಗೆ ಒಯ್ಯುವ ಕೆಂಡದ ಮಡಕೆ ಸಂಕಪ್ಪನ ಕಾಲಬಳಿ ಇತ್ತು. ಅವನು ಅದನ್ನು ಎತ್ತಿಕೊಂಡ.

"ನಾನು ಬೆಂಕಿ ಹಿಡಿದುಕೊಂಡು ನಿಮ್ಮ ಅಂಗಳಕ್ಕೆ ಬರಬೇಕಾಗ್ತದೆ, ಧಣಿ."

"ಬಾ," ಎಂದರು ಭೋಜ ಶೆಟ್ಟರು. ಬೈರಾಸನ್ನು ಮಡಚಿ ಹೆಗಲಿಗಿಟ್ಟು ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಟ್ಟರು. ಎಡಗಡೆಗೆ ಜಿನದತ್ತರು ಬಂದರು.

ಕಿತ್ತ ಗೇಟು ಬೇಲಿಗೆ ಒರಗಿ ಬಿದ್ದಿತ್ತು. ಗುತ್ತಿನ ಅಂಗಳದಲ್ಲಿ ಅಂದೂ ಭತ್ತ ಬೇಯುತ್ತಿತ್ತು. ಆಚೆ ಹೊಸ ಕಣಜ, ಹೊಸ ಮೆದೆ. ಕೆಲಸದವರೆಲ್ಲ ಎದ್ದು ನಿಂತರು. ಸಂಕಪ್ಪ ಮಡಕೆ ಹಿಡಿದು ಮೆದೆಯ ಪಕ್ಕದಲ್ಲೇ ನಡೆದ. ಒಬ್ಬರೂ ತಡೆಯಲಿಲ್ಲ. ಅವನ ಬೆನ್ನು ನೆಟ್ಟಗಿತ್ತು. ಹಿಂದೆ ಗುತ್ತಿನ ಯಜಮಾನನ ಹೆಗಲ ಮೇಲೆ ಪೂವಮ್ಮ ಬರುತ್ತಿದ್ದಳು.

ಮನೆಯೊಳಗೆ ಸಾವಾದರೆ ಮಾತ್ರ ಗುತ್ತಿನ ಒಲೆ ಆರಿಸುವುದು ಪದ್ಧತಿ. ಶೆಟ್ಟರ ಅಕ್ಕ ಶಶಿಪ್ರಭಾ ಹಂಡೆಯ ಬದಿಯಿಂದ ಎದ್ದರು. ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ಹಾಕಿ, ಕೊಡದ ನೀರನ್ನು ಪೂರ್ತಿ ಒಲೆಗೆ ಸುರಿದರು. ಬಿಳಿ ಹೊಗೆ ಭುಸ್ಸೆಂದು ಎದ್ದು ಅಂಗಳವನ್ನೆಲ್ಲ ತುಂಬಿತು. ಅದರ ನಡುವಿನಿಂದ ಸಂಕಪ್ಪನ ಮಡಕೆಯೊಂದೇ ಕೆಂಪಗೆ ಹೊಳೆಯುತ್ತ ಹೊಳೆಯ ಕಡೆ ಇಳಿಯಿತು.