ಸೆಲ್ಲು ತೆಗೆದಿಡುತ್ತಿದ್ದ ಲಾಲಪ್ಪ

ಒಂದು ಕೈಯಲ್ಲಿ ಹೂವಿನ ಹಾರ ಹಿಡಿದುಕೊಂಡೇ ಭಾಗಣ್ಣ ಬೆಂಚಿನ ಕೆಳಗೆ ಬಗ್ಗಿ ನೋಡುತ್ತಿದ್ದ.

"ಏನ್ ಹುಡುಕಾಕತ್ತೀರಿ?" ಬಾಗಿಲಲ್ಲಿ ಲಾಲಪ್ಪನ ಮಗ ದೇವು ನಿಂತಿದ್ದ.

"ಚಪ್ಪಲ್ಲಪ್ಪ."

"ಕಾಲಾಗ ಅದಾವಲ್ರಿ."

ಭಾಗಣ್ಣ ಕಾಲು ನೋಡಿಕೊಂಡ. ಸಾವಿನ ಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡೇ ಬಂದಿದ್ದ.

ಸುರಪುರದ ಆ ಮನೆಯ ಮುಂದಿನ ಕೋಣೆಯೇ ಲಾಲಪ್ಪನ ರಿಪೇರಿ ಅಂಗಡಿ. ರೇಡಿಯೊ, ಮೈಕು, ಭಜನೆಯವರ ಪೆಟ್ಟಿಗೆಗಳನ್ನು ನಲವತ್ತು ವರ್ಷ ಅಲ್ಲೇ ಕುಳಿತು ಸರಿಮಾಡಿದವನು ಬೆಳಗಿನ ಚಹಾ ಕುಡಿದು, ಲೋಟ ಇಟ್ಟು, ಹೋಗಿಬಿಟ್ಟಿದ್ದ. ಹೊರಗೆ ಹಂದರದ ಕೆಳಗೆ ಮಲಗಿಸಿದ್ದರು. ಶಹಾಪುರದ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುವ ಭಾಗಣ್ಣ ಸಿಕ್ಕ ಬಸ್ಸು ಹತ್ತಿ ಬಂದಿದ್ದ. ದುಃಖವೇನೋ ನಿಜವಾದದ್ದೇ. ಆದರೆ ನಾಳೆ ಯಾದಗಿರಿಯಲ್ಲಿ ಮದುವೆಯ ಕಾರ್ಯಕ್ರಮವಿತ್ತು. ಗಿಟಾರಿನ ಸದ್ದು ಬದಲಿಸುವ ಅವನ ಪುಟ್ಟ ಪೆಟ್ಟಿಗೆ ರಿಪೇರಿಗೆಂದು ಲಾಲಪ್ಪನ ಹತ್ತಿರವಿತ್ತು. ಅದನ್ನು ಯಾವ ಬಾಯಿಂದ ಕೇಳುವುದೆಂದು ದಾರಿಯುದ್ದಕ್ಕೂ ಹೊಳೆದಿರಲಿಲ್ಲ.

ಹೊರಗೆ ಬಂದು ಹಾರ ಹಾಕಲು ಬಗ್ಗಿದಾಗ ಪೆಟ್ಟಿಗೆ ಕಂಡಿತು. ಲಾಲಪ್ಪನ ಎದೆಯ ಮೇಲೆ, ಎರಡೂ ಕೈಗಳ ಕೆಳಗೆ. ಅದಕ್ಕೂ ಕುಂಕುಮ ಹಚ್ಚಿದ್ದರು.

"ಮೂರು ವಾರ ಇದನ್ನ ತೊಡಿಮ್ಯಾಲಿಂದ ಇಳಿಸಿಲ್ರಿ," ಎಂದಳು ಲಾಲಪ್ಪನ ಹೆಂಡತಿ ಹನುಮಮ್ಮ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ಕೂಸಿನಂಗ ತಿಕ್ಕಿ ಒರಸ್ತಿದ್ರು. ಅವರ ಸಂಗಾಟನ ಹೋಗ್ಲಿ ಅಂತ ಇಟ್ಟೀನಿ."

ಸತ್ತವರಿಗೆ ಪ್ರಿಯವಾದದ್ದನ್ನು ಮಣ್ಣಿನಲ್ಲಿ ಜೊತೆಗಿಡುವುದು ಆ ಮನೆಯ ರೂಢಿ. ಲಾಲಪ್ಪನ ಅಪ್ಪನ ಜೊತೆ ಎಲೆಅಡಿಕೆಯ ಚಂಚಿ ಹೋಗಿತ್ತು.

ಭಾಗಣ್ಣ ಬಾಯಿ ತೆರೆದ. "ಉಸ್ತಾದ..." ಅಂದ.

"ಪಾಪ, ಎಷ್ಟ್ ಹಚ್ಕೊಂಡಾನ ನೋಡು," ಎಂದ ಪಕ್ಕದ ಮನೆಯ ಮುದುಕ ಮಲ್ಕಪ್ಪ. "ಬಾರಪ್ಪ, ನೀನೂ ಒಂದ್ ಹೆಗಲ ಕೊಡು."

*

ಆ ಪೆಟ್ಟಿಗೆಯನ್ನು ಭಾಗಣ್ಣ ಹೈದರಾಬಾದಿನಲ್ಲಿ ಹಳೆಯದಾಗಿಯೇ ಕೊಂಡಿದ್ದ. ಗಿಟಾರಿನ ವೈರು ಸಿಕ್ಕಿಸಿ ಕಾಲಲ್ಲಿ ಒತ್ತಿದರೆ ತಂತಿಯ ಸದ್ದು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಹರಿದ ತಗಡಿನಂತೆ. ಇಪ್ಪತ್ತು ವರ್ಷಗಳಲ್ಲಿ ಅವನು ಹದಮಾಡಿದ ಮೂವತ್ತಾರು ಸದ್ದುಗಳನ್ನು ಅದು ನೆನಪಿಟ್ಟುಕೊಂಡಿತ್ತು. ಆ ನೆನಪನ್ನು ಕಾಯುತ್ತಿದ್ದ ಒಳಗಿನ ಸೆಲ್ಲು ಸೋರಿತ್ತು.

ಮೂರು ವಾರದ ಹಿಂದೆ ಮುಚ್ಚಳ ಬಿಚ್ಚಿದ ಲಾಲಪ್ಪ ಕೆಂಡವಾದ. "ನೋಡಿಲ್ಲಿ, ಹಸರ ಬೂಷ್ಟು! ತಾಮ್ರದ ಮೂರು ಗೆರಿ ತಿಂದಾದ. ಸೆಲ್ ಒಳಗ ಬಿಟ್ಟು ಯಾವುದನ್ನೂ ಮುಚ್ಚಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕು?"

"ತಗದ್ರ ಸದ್ದೆಲ್ಲಾ ಅಳಿಸಿ ಹೋಗ್ತಾವ್ರಿ ಉಸ್ತಾದ."

ಲಾಲಪ್ಪ ಮುಚ್ಚಳ ಕೆಳಗಿಟ್ಟ. ಒಂದು ದಿನ ವಡಗೇರಾದ ಬೀಗರ ಮನೆಗೆ ಹೋಗಬೇಕಾದರೂ ಗೋಡೆ ಗಡಿಯಾರದ ಸೆಲ್ಲು ತೆಗೆದಿಟ್ಟು ಹೊರಡುವ ಮನುಷ್ಯ ಅವನು. "ನಾವಿಲ್ಲದಾಗ ಟೈಮ್ ಯಾರು ನೋಡ್ತಾರ?" ಅನ್ನುತ್ತಿದ್ದ. ಬೀಗರು ಅವನು ಬರುತ್ತಾನೆಂದರೆ ಟಿವಿಯ ರಿಮೋಟು ಬಚ್ಚಿಡುತ್ತಿದ್ದರು. ಸೆಲ್ಲು ತೆಗೆಯಬಾರದ ವಸ್ತುವನ್ನು ಅವನು ನೋಡಿದ್ದು ಅದೇ ಮೊದಲು.

ಕೊನೆಗೆ, ಸದ್ದು ಅಳಿಯದಂತೆ, ಹೊಸ ಸೆಲ್ಲಿಗೆ ಎರಡು ವೈರು ಬೆಸೆದು, ಹಳೆಯದರ ಬಗಲಿಗೇ ಜೋಡಿಸಿ, ಆಮೇಲೆ ಉಸಿರು ಹಿಡಿದು ಹಳೆಯದನ್ನು ಕಿತ್ತ. ಹಲ್ಲುಜ್ಜುವ ಬ್ರಷ್ಷಿನ ತುದಿಗೆ ಹನಿ ನಿಂಬೆರಸ ಹಚ್ಚಿ ಹಸಿರನ್ನು ತಿಕ್ಕತೊಡಗಿದ. "ತಿಂದ ಗೆರಿಗಿ ಕೂದಲಿನಂಥಾ ವೈರ್ ಹಾಕ್ಬೇಕು. ಅವಸರ ಮಾಡಬ್ಯಾಡ," ಅಂದ. ಆಮೇಲೆ, ಎಲ್ಲ ಗಿರಾಕಿಗಳಿಗೂ ಮಾಡುವಂತೆ, ಮುಚ್ಚಳದ ಒಳಗೆ ಹೆಸರು, ಊರು ಬರೆದ ಚೀಟಿ ಅಂಟಿಸಿದ.

*

ಹೊಲದವರೆಗೆ ಭಾಗಣ್ಣ ಹೆಗಲು ಬಿಟ್ಟುಕೊಡಲೇ ಇಲ್ಲ. ಗೇಣು ದೂರದಲ್ಲಿ ಪೆಟ್ಟಿಗೆ ಕುಲುಕುತ್ತಿತ್ತು.

"ಇಂಥಾ ಗಿರಾಕಿ ಎಲ್ಲಿ ಸಿಗ್ತಾನ," ಎಂದು ಮಲ್ಕಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಭಾಗಣ್ಣನಿಗೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ಲಾಲಪ್ಪನನ್ನು ಗುಂಡಿಗೆ ಇಳಿಸಿದರು. ಬಲಕ್ಕೆ ಪೆಟ್ಟಿಗೆ ಇಟ್ಟರು. ಅಪ್ಪನಿಗೆ ಕತ್ತಲೆಂದರೆ ಆಗುತ್ತಿರಲಿಲ್ಲ ಎಂದು ದೇವು ಎಡಕ್ಕೆ ಟಾರ್ಚು ಇಟ್ಟ. ಮಲ್ಕಪ್ಪ ಮೊದಲ ಹಿಡಿ ಮಣ್ಣು ತೆಗೆದುಕೊಂಡ.

"ತಡೀರಿ!" ಹನುಮಮ್ಮ ಕೈ ಎತ್ತಿದಳು. "ಸೆಲ್ ತಗದೀರೇನು?"

ಮಲ್ಕಪ್ಪ ಹಿಡಿಮಣ್ಣು ಹಿಡಿದೇ ನಿಂತ.

"ಜನ್ಮಪೂರ್ತಿ ಅದನ್ನ ಒದರಿ ಒದರಿ ಸತ್ತಾರ. ಹಂಗ ಮುಚ್ಚಿದ್ರ ಎದ್ದು ಬಂದು ಬೈತಾರ. ದೇವು, ಇಳಿ. ಮೊದಲ ಪೆಟ್ಟಿಗಿ ಬಿಚ್ಚು."

ದೇವು ಬಸ್ ಕಂಡಕ್ಟರು. ಅಂಗಡಿಯ ಯಾವ ವಸ್ತು ಯಾರದೆಂದು ಅವನಿಗೆ ತಿಳಿಯದು. ಗುಂಡಿಗಿಳಿದು, ಅಪ್ಪನ ಅಂಗಿಯ ಕಿಸೆಯಿಂದಲೇ ಸ್ಕ್ರೂಡ್ರೈವರು ತೆಗೆದು ತಿರುಗಿಸಿದ. ಮುಚ್ಚಳ ಎದ್ದಿತು. ಬೆರಳು ಸೆಲ್ಲಿನ ಕಡೆ ಹೋಯಿತು.

"ಬ್ಯಾಡೋ!" ಭಾಗಣ್ಣ ಗುಂಡಿಯ ಅಂಚಿನಲ್ಲಿ ಮಂಡಿಯೂರಿದ್ದ. "ಸೆಲ್ ತಗೀಬ್ಯಾಡೋ, ಮೂವತ್ತಾರೂ ಹೋಗ್ತಾವ!"

"ಏನ್ ಮೂವತ್ತಾರು?" ಎಂದಳು ಹನುಮಮ್ಮ.

"ಸದ್ದು... ಪೆಟ್ಟಿಗಿ ನಂದ್ರಿ ಯವ್ವಾ."

ದೇವು ಮುಚ್ಚಳ ತಿರುವಿ ಚೀಟಿ ಓದಿದ. "ಭಾಗಣ್ಣ, ಶಹಾಪುರ. ಕೆಲಸ ಆಗ್ಯಾದ. ಇದರ ಸೆಲ್ ತಗೀಬ್ಯಾಡ್ರಿ."

ಹನುಮಮ್ಮ ಭಾಗಣ್ಣನ ಕಡೆ ತಿರುಗಿದಳು. "ಮತ್ತ ಮಣ್ಣಿಗಿಡಾಗ ಬಾಯಿ ಇರ್ಲಿಲ್ಲೇನು ನಿನಗ?"

"ಸತ್ತ ಮನ್ಯಾಗ ಹೆಂಗ್ ಕೇಳ್ಲಿ ಯವ್ವಾ."

"ಮುಚ್ಚಿದ ಮ್ಯಾಲ ಹೆಂಗ್ ಕೇಳಾಂವ ಇದ್ದಿ?"

ಮಲ್ಕಪ್ಪ ನಗು ತಡೆಯಲು ಮಣ್ಣಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು, ಕೆಮ್ಮಿ ಕೆಮ್ಮಿ ಕುಳಿತ. ಹನುಮಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಹೆಗಲು ಕುಲುಕುತ್ತಿದ್ದವು. ಅಳುತ್ತಿದ್ದಾಳೆಂದು ಹಿಂದಿನ ಹೆಂಗಸರು ಬೆನ್ನು ಸವರಿದರು.

"ಕೊಡು ಅವಂಗ," ಎಂದಳು ಆಮೇಲೆ. "ಸೆಲ್ ತಗೀಬ್ಯಾಡಂತ ಅವರು ಬರದಾರಂದ್ರ ಭಾಳ ದೊಡ್ಡ ಮಾತು."

ಭಾಗಣ್ಣ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡ. ಕುಂಕುಮ ಅಂಗಿಗೆ ಹತ್ತಿತು.

ದೇವು ಗುಂಡಿಯಲ್ಲೇ ನಿಂತಿದ್ದ. "ಅವ್ವ, ಟಾರ್ಚಿನ ಸೆಲ್ ಬಿಡ್ಲೇನು? ಕತ್ತಲಾಗ ಅಪ್ಪ ಹೆಂಗ..."

ಹನುಮಮ್ಮ ಲಾಲಪ್ಪನ ಮುಖ ನೋಡಿದಳು.

"ತಗಿ."

ದೇವು ತಿರುಪು ಬಿಚ್ಚಿದ. ಎರಡು ಸೆಲ್ಲು ಅಂಗೈಗೆ ಬಿದ್ದವು. ಮೇಲಕ್ಕೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಕಾಗದದಾಗ ಸುತ್ತು. ಹೆಸರ ಬರಿ."

ದೇವು ಕಿಸೆಯಲ್ಲಿದ್ದ ಟಿಕೆಟ್ಟಿನ ಕಾಗದ ಹರಿದು ಸೆಲ್ಲು ಸುತ್ತಿದ. ಭಾಗಣ್ಣ ಬಗ್ಗಿ ಪೆನ್ನು ಕೊಟ್ಟ. ದೇವು ಪೊಟ್ಟಣವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದ: ಲಾಲಪ್ಪ, ಸುರಪುರ. ಟಾರ್ಚು ಎಡಕ್ಕೇ ಇತ್ತು. ಪೊಟ್ಟಣವನ್ನು ಅವನು ಪೆಟ್ಟಿಗೆ ಇದ್ದ ಬಲಗಡೆ ಇಟ್ಟ.

"ಅಷ್ಟ್ ದೂರ ಬ್ಯಾಡ," ಎಂದಳು ಹನುಮಮ್ಮ. "ಕೈಗಿ ಸಿಗಂಗ ಇಡು. ಬೇಕಾದ್ರ ತಾವ ಹಾಕ್ಕೊಂತಾರ."

ದೇವು ಪೊಟ್ಟಣವನ್ನು ಅಪ್ಪನ ಬೆರಳುಗಳ ಹತ್ತಿರಕ್ಕೆ ಸರಿಸಿದ.